ಸಿರಿಮನೆಗಳನ್ನು ದೀನರಿಗೆ ತೆರೆದ ಮಾತೆ ಮೇರಿ ಏಕೆನ್‌ಹೆಡ್

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ ಅಡಿಗಲ್ಲು, ಗೋಪುರ, ಗಂಟೆಗಳ ಮಾತು ಎಲ್ಲೆಡೆಯೂ ಕೇಳಿಬರುವುದು ಸಹಜ. ಹಿರಿಯರು ಬೆವರು ಸುರಿಸಿ ಕಟ್ಟಿದುದನ್ನು ಕೃತಜ್ಞತೆಯಿಂದ ನೆನೆಯುವುದು ನಮ್ಮ ಕರ್ತವ್ಯವೂ ಹೌದು. ಆದರೆ ಕಟ್ಟಡಕ್ಕೆ ಎಷ್ಟು ವಯಸ್ಸಾಯಿತೆಂಬ ಪ್ರಶ್ನೆಯ ಜೊತೆಗೆ, ಅದರ ಬಾಗಿಲು ಇಷ್ಟು ಕಾಲ ಯಾರಿಗಾಗಿ ತೆರೆದಿತ್ತೆಂಬ ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕಾಗುತ್ತದೆ. ಈ ಎರಡನೆಯ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯೆಯೊಬ್ಬರನ್ನು ಈ ಸ್ಮರಣ ಸಂಚಿಕೆಯ ಓದುಗರಿಗೆ ಪರಿಚಯಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಐರ್ಲೆಂಡಿನ ರಾಜಧಾನಿ ಡಬ್ಲಿನ್ ನಗರದ ದಕ್ಷಿಣಕ್ಕೆ ಹೆರಾಲ್ಡ್ಸ್ ಕ್ರಾಸ್ ಎಂಬ ಪ್ರದೇಶವಿದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅದು ಊರಾಚೆಯ ಹಸುರು ನೆಲ. ಅಲ್ಲಿ ಗ್ರೀನ್‌ಮೌಂಟ್ ಎಂಬ ಹೆಸರಿನ ಒಂದು ತೋಟದ ಬಂಗಲೆಯಿದ್ದಿತು. ಉಳ್ಳವರು ಸುಖವಾಗಿ ಬಾಳಲೆಂದು ಕಟ್ಟಿಸಿದ ಮನೆ ಅದು. 1845ರಲ್ಲಿ ಅದು ಕನ್ಯಾಮಠವಾಯಿತು. 1879ರಲ್ಲಿ, ಎಲ್ಲ ಆಸ್ಪತ್ರೆಗಳೂ ಕೈಬಿಟ್ಟ ಬಡರೋಗಿಗಳು ಶಾಂತಿಯಿಂದ ಕಣ್ಮುಚ್ಚುವ ಆಶ್ರಯಧಾಮವಾಯಿತು. ಈ ಎರಡು ಬದಲಾವಣೆಗಳ ನಡುವೆ ಆ ಮನೆಯ ಒಂದು ಕೋಣೆಯಲ್ಲಿ ಹದಿಮೂರು ವರ್ಷ ರೋಗಶಯ್ಯೆಯಲ್ಲಿದ್ದು, ಅಲ್ಲಿಯೇ ಕೊನೆಯುಸಿರೆಳೆದವರು ಮದರ್ ಮೇರಿ ಏಕೆನ್‌ಹೆಡ್.

ಎರಡು ಮನೆಗಳ ಮಗಳು

ಮೇರಿ ಹುಟ್ಟಿದುದು ಐರ್ಲೆಂಡಿನ ದಕ್ಷಿಣ ತೀರದ ಕಾರ್ಕ್ ನಗರದಲ್ಲಿ, 1787ರ ಜನವರಿ 19ರಂದು. ತಂದೆ ಡೇವಿಡ್ ಏಕೆನ್‌ಹೆಡ್ ಸ್ಕಾಟಿಷ್ ಮೂಲದವರು, ಔಷಧಶಾಲೆ ನಡೆಸುತ್ತಿದ್ದ ವೈದ್ಯರು, ಆಂಗ್ಲಿಕನ್ ಪಂಥಕ್ಕೆ ಸೇರಿದವರು. ತಾಯಿ ಮೇರಿ ಸ್ಟ್ಯಾಕ್‌ಪೋಲ್ ಕಥೋಲಿಕ ವರ್ತಕ ಮನೆತನದವರು. ಐರ್ಲೆಂಡಿನಲ್ಲಿ ಕಥೋಲಿಕರೇ ಬಹುಸಂಖ್ಯಾತರಾಗಿದ್ದರೂ ಅವರನ್ನು ಆಸ್ತಿ, ವಿದ್ಯೆ, ಅಧಿಕಾರಗಳಿಂದ ದೂರವಿರಿಸಿದ್ದ ಕಠೋರ ಕಟ್ಟಳೆಗಳು ಒಂದೊಂದಾಗಿ ಸಡಿಲಗೊಳ್ಳುತ್ತಿದ್ದ ಕಾಲವದು. ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕು ಅವರಿಗೆ ದೊರೆತುದು 1829ರಲ್ಲಿ. ತಂದೆಯ ಇಚ್ಛೆಯಂತೆ ಮಗುವಿಗೆ ಆಂಗ್ಲಿಕನ್ ದೇವಾಲಯದಲ್ಲಿ ಜ್ಞಾನಸ್ನಾನವಾಯಿತು.

ದುರ್ಬಲವಾಗಿದ್ದ ಕೂಸನ್ನು ಒಳ್ಳೆಯ ಗಾಳಿಗಾಗಿ ಊರಿನ ಎತ್ತರದ ಭಾಗದಲ್ಲಿ ವಾಸವಾಗಿದ್ದ ರೋರ್ಕ್ ಎಂಬ ಬಡ ಕಥೋಲಿಕ ದಂಪತಿಗಳ ಮಡಿಲಿಗೆ ಒಪ್ಪಿಸಲಾಯಿತು. ಹೀಗೆ ಆರು ವರ್ಷಗಳವರೆಗೆ ವೈದ್ಯರ ಮಗಳು ಗುಡಿಸಲಿನಲ್ಲಿ ಬೆಳೆದಳು. ಬಡವರ ಮಕ್ಕಳೊಡನೆ ಆಡಿದಳು, ಸಾಕುತಾಯಿಯ ಸೆರಗು ಹಿಡಿದು ಪೂಜೆಗೆ ಹೋದಳು, ಸಂಜೆಯ ಜಪಸರದ ಪ್ರಾರ್ಥನೆಯನ್ನು ಕೇಳುತ್ತ ನಿದ್ರೆಹೋದಳು. ಆರನೆಯ ವಯಸ್ಸಿನಲ್ಲಿ ಸ್ವಂತ ಮನೆಗೆ ಹಿಂದಿರುಗಿದಾಗ ಅನುಕೂಲಸ್ಥರ ಮನೆಯೂ ಬಡವರ ಮನೆಯೂ ಹೇಗಿರುತ್ತವೆಂಬುದನ್ನು ಆಕೆ ಬಲ್ಲವಳಾಗಿದ್ದಳು. ಈ ಅರಿವು ಮುಂದಿನ ಎಲ್ಲ ಕಾರ್ಯಗಳಿಗೂ ಬೇರಾಯಿತೆಂದು ನಮಗೆ ತೋರುತ್ತದೆ.

1801ರ ಡಿಸೆಂಬರ್ ತಿಂಗಳಲ್ಲಿ ತಂದೆ ತೀರಿಕೊಂಡರು. ಮರಣಶಯ್ಯೆಯಲ್ಲಿ ಅವರು ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದ್ದರು. 1802ರ ಜೂನ್ 6ರಂದು, ಹದಿನೈದನೆಯ ವಯಸ್ಸಿನಲ್ಲಿ, ಮೇರಿಯೂ ಕಥೋಲಿಕ ಧರ್ಮಸಭೆಯನ್ನು ಸೇರಿದಳು.

ಬೀದಿಗಿಳಿದ ಕನ್ಯಾಸ್ತ್ರೀಯರು

1808ರಲ್ಲಿ ಮೇರಿ ಡಬ್ಲಿನ್ನಿಗೆ ಗೆಳತಿ ಆನಾ ಮರಿಯಾ ಓಬ್ರಿಯನ್ ಅವರ ಅತಿಥಿಯಾಗಿ ಹೋದುದು ಆಕೆಯ ಬಾಳಿನ ತಿರುವು. ಶ್ರೀಮಂತ ಗೃಹಿಣಿಯಾದ ಆನಾ ಮರಿಯಾ ಬಡವರ ಕೇರಿಗಳಿಗೆ ತಾವೇ ಹೋಗಿ ನೆರವಾಗುತ್ತಿದ್ದರು. ಅವರೊಡನೆ ಹೋದ ಮೇರಿ ಕಂಡುದು ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಹುಲ್ಲಿನ ಹಾಸಿಗೆ, ರೋಗ, ಹಸಿವು. ಆ ಮನೆಯಲ್ಲಿಯೇ ಮುಂದೆ ಡಬ್ಲಿನ್ನಿನ ಮಹಾಧರ್ಮಾಧ್ಯಕ್ಷರಾದ ಡೇನಿಯಲ್ ಮರ್ರೆಯವರ ಪರಿಚಯವಾಯಿತು. ಅಂದಿನ ಐರ್ಲೆಂಡಿನ ಕನ್ಯಾಮಠಗಳಲ್ಲಿ ಸನ್ಯಾಸಿನಿಯರು ಹೊಸ್ತಿಲು ದಾಟುವಂತಿರಲಿಲ್ಲ. ಬಡವರ ಬಾಗಿಲಿಗೆ ತಾವೇ ನಡೆದುಹೋಗುವ ಸಹೋದರಿಯರ ಸಭೆಯೊಂದು ಬೇಕೆಂಬುದು ಮರ್ರೆಯವರ ಹಂಬಲವಾಗಿತ್ತು. ಮೇರಿಯ ಹಂಬಲವೂ ಅದೇ. ಅಂತಹ ಸಭೆಯಲ್ಲಿ ಒಬ್ಬಳಾಗಲು ಆಕೆ ಸಿದ್ಧಳಿದ್ದಳು. ಅದರ ನಾಯಕಿ ತಾನಾಗಬೇಕೆಂಬ ಆಲೋಚನೆ ಆಕೆಗೆ ಇರಲಿಲ್ಲ. ಮರ್ರೆಯವರು ಆ ಹೊಣೆಯನ್ನು ಆಕೆಯ ಮೇಲೆಯೇ ಹೊರಿಸಿದರು.

ಸನ್ಯಾಸ ಜೀವನದ ಶಿಕ್ಷಣಕ್ಕಾಗಿ 1812ರಲ್ಲಿ ಮೇರಿ ಒಬ್ಬ ಸಂಗಾತಿಯೊಡನೆ ಇಂಗ್ಲೆಂಡಿನ ಯಾರ್ಕ್ ನಗರದ ಬಾರ್ ಕಾನ್ವೆಂಟನ್ನು ಸೇರಿದರು. ಮೂರು ವರ್ಷಗಳ ನವಾಭ್ಯಾಸದ ನಂತರ ಹಿಂದಿರುಗಿ, 1815ರ ಸೆಪ್ಟೆಂಬರ್ 1ರಂದು ಡಬ್ಲಿನ್ನಿನಲ್ಲಿ ವ್ರತಗಳನ್ನು ಸ್ವೀಕರಿಸಿದರು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ನಾಲ್ಕನೆಯ ವ್ರತವೊಂದನ್ನು ಅವರು ಕೈಗೊಂಡರು. ಅದು ಬಡವರ ಸೇವೆ. ನಮ್ಮ ಕಡೆ ಸಿಸ್ಟರ್ಸ್ ಆಫ್ ಚಾರಿಟಿ ಎಂದೊಡನೆ ಮಂಗಳೂರಿನಲ್ಲಿ ಸೇವೆಗೈದ ಇಟಲಿ ಮೂಲದ ಸಭೆ ನೆನಪಾಗುತ್ತದೆ. ಮದರ್ ಏಕೆನ್‌ಹೆಡ್ ಸ್ಥಾಪಿಸಿದ ಐರಿಷ್ ಸಿಸ್ಟರ್ಸ್ ಆಫ್ ಚಾರಿಟಿ ಸಭೆ ಅದಕ್ಕಿಂತ ಭಿನ್ನವಾದುದು.

ಇಲ್ಲಿ ಭಾರತಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲಾಗದು. ಆನಾ ಮರಿಯಾರ ತಂಗಿ ಫ್ರಾನ್ಸೆಸ್ ಬಾಲ್ ಕೂಡ ಯಾರ್ಕಿನ ಅದೇ ಮಠದಲ್ಲಿ ತರಬೇತಿ ಪಡೆದು, 1822ರಲ್ಲಿ ಡಬ್ಲಿನ್ ಹೊರವಲಯದ ರಾತ್‌ಫಾರ್ನಮ್ ಬಂಗಲೆಯಲ್ಲಿ ಲೊರೆಟೊ ಸಹೋದರಿಯರ ಕಾರ್ಯವನ್ನು ನೆಲೆಗೊಳಿಸಿದರು. ಲೊರೆಟೊ ಸಹೋದರಿಯರು 1841ರಲ್ಲಿ ಕಲ್ಕತ್ತೆಗೆ ಬಂದರು. 1928ರಲ್ಲಿ ಮುಂದಿನ ಮದರ್ ತೆರೇಸಾರವರು ತಮ್ಮ ಊರು ಬಿಟ್ಟು ಮೊದಲು ಹೋಗಿ ಸೇರಿದುದೂ ರಾತ್‌ಫಾರ್ನಮ್ಮಿನ ಆ ಮನೆಯನ್ನೇ.

ಹೊಸ ಸಭೆಯ ಸಹೋದರಿಯರು ಅನಾಥ ಬಾಲಕಿಯರನ್ನು ಸಾಕಿದರು, ಶಾಲೆ ತೆರೆದರು, ರೋಗಿಗಳ ಮನೆಗಳಿಗೆ ನಡೆದುಹೋದರು. 1821ರಲ್ಲಿ ಕಿಲ್‌ಮೈನಮ್ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಇಬ್ಬರು ಸ್ತ್ರೀಯರನ್ನು ಸಂದರ್ಶಿಸಿ ಸಂತೈಸಿದರು. 1832ರಲ್ಲಿ ಕಾಲರಾ ಪಿಡುಗು ಡಬ್ಲಿನ್ನನ್ನು ಮುತ್ತಿದಾಗ ತಾತ್ಕಾಲಿಕ ಆಸ್ಪತ್ರೆಗಳಲ್ಲಿ ರೋಗಿಗಳ ಮಗ್ಗುಲಲ್ಲಿ ನಿಂತರು. ಮನೆಗಳಿಗೆ ಹೋಗಿ ಆರೈಕೆ ಮಾಡಿದರೆ ಸಾಲದು, ಬಡವರಿಗೆ ತಮ್ಮದೇ ಆಸ್ಪತ್ರೆ ಬೇಕೆಂಬುದು ಆ ದಿನಗಳಲ್ಲಿ ಮದರ್ ಏಕೆನ್‌ಹೆಡ್ ಅವರಿಗೆ ಇನ್ನಷ್ಟು ದೃಢವಾಯಿತು.

ಅರ್ಲ್ ಪ್ರಭುವಿನ ಸೌಧ

ವಿಧಿಯ ವಿಚಿತ್ರವೆಂದರೆ, ಆ ಹೊತ್ತಿಗೆ ಅವರು ತಾವೇ ರೋಗಿಯಾಗಿದ್ದರು. 1831ರಲ್ಲಿ ಬೆನ್ನುಮೂಳೆಯ ವ್ಯಾಧಿ ಅವರನ್ನು ಹಾಸಿಗೆಗೆ ಕೆಡವಿತು. ಆಗ ಅವರಿಗೆ ನಲವತ್ತನಾಲ್ಕು ವರ್ಷ. ಮುಂದೆ ಬದುಕಿದ ಸುಮಾರು ಇಪ್ಪತ್ತೇಳು ವರ್ಷಗಳ ಬಹುಭಾಗವನ್ನು ಅವರು ಕಳೆದುದು ಹಾಸಿಗೆಯಲ್ಲಿ, ಇಲ್ಲವೇ ಗಾಲಿಕುರ್ಚಿಯಲ್ಲಿ. ಬೀದಿಗಿಳಿದು ನಡೆಯುವ ಸಭೆಯನ್ನು ಕಟ್ಟಿದವರು ತಾವು ಮಾತ್ರ ನಡೆಯಲಾರದವರಾದರು. ಆದರೂ ಸಭೆಯ ಆಡಳಿತವನ್ನು ಬಿಡಲಿಲ್ಲ. ಪತ್ರಗಳ ಮೂಲಕವೇ ಎಲ್ಲವನ್ನೂ ನಡೆಸಿದರು. ಲೆಕ್ಕಪತ್ರ, ರಿಪೇರಿ, ಸಾಲ, ಅಡುಗೆಮನೆಯ ಖರ್ಚು, ದಣಿದ ಸಹೋದರಿಗೆ ಬುದ್ಧಿಮಾತು, ಇವೆಲ್ಲವೂ ಆ ಹಾಸಿಗೆಯಿಂದಲೇ ಹೊರಟವು.

ಡಬ್ಲಿನ್ನಿನ ಸೇಂಟ್ ಸ್ಟೀಫನ್ಸ್ ಗ್ರೀನ್ ಎಂಬುದು ಗಣ್ಯರ ಚೌಕ. ಅಲ್ಲಿ ಮೀತ್ ಅರ್ಲ್ ಪ್ರಭುಗಳ ಸೌಧ ಮಾರಾಟಕ್ಕೆ ಬಂದಿತು. ಸಭೆ ಸೇರಿದ್ದ ಒಬ್ಬ ಸಹೋದರಿ ತಂದಿದ್ದ 3,000 ಪೌಂಡುಗಳನ್ನು ತೆತ್ತು 1834ರಲ್ಲಿ ಅದನ್ನು ಕೊಂಡುಕೊಂಡರು. ಪ್ರಭುಗಳು ವಾಸಿಸುತ್ತಿದ್ದ ಮನೆ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಾಯಿತು. ಬಡವರ ಆಸ್ಪತ್ರೆಗೆ ಊರಿನ ಹಿತ್ತಲಲ್ಲೆಲ್ಲೋ ಒಂದು ಹಳೆಯ ಗೋದಾಮು ಸಾಕೆಂದು ಅವರು ಎಣಿಸಲಿಲ್ಲ. ಉಳ್ಳವರು ಹಣ ಕೊಟ್ಟು ಪಡೆಯುವಂತಹ ಆರೈಕೆ ಇಲ್ಲದವರಿಗೆ ದೇವರ ಪ್ರೀತಿಗಾಗಿ ದೊರೆಯಬೇಕೆಂಬುದು ಅವರ ನಿಲುವು. ಮತಭೇದವಿಲ್ಲದೆ ಎಲ್ಲರಿಗೂ ಅಲ್ಲಿ ಪ್ರವೇಶವಿದ್ದಿತು. ತಮ್ಮ ಧರ್ಮದವರಿಗೆ ಶತಮಾನಕಾಲ ಬಾಗಿಲು ಮುಚ್ಚಿದ್ದ ಸಮಾಜದಲ್ಲಿ ಅವರು ಎಲ್ಲರಿಗೂ ಬಾಗಿಲು ತೆರೆದರೆಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು.

ಕರುಣೆಯೊಂದರಿಂದಲೇ ರೋಗ ವಾಸಿಯಾಗದೆಂಬ ಅರಿವೂ ಅವರಿಗಿದ್ದಿತು. ಆಸ್ಪತ್ರೆ ತೆರೆಯುವ ಮುನ್ನವೇ 1833ರಲ್ಲಿ ಮೂವರು ಸಹೋದರಿಯರನ್ನು ಪ್ಯಾರಿಸ್ಸಿನ ನೋತ್ರ ದಾಮ್ ದ ಲಾ ಪಿತಿಯೆ ಆಸ್ಪತ್ರೆಗೆ ಶುಶ್ರೂಷೆಯ ಕ್ರಮಬದ್ಧ ತರಬೇತಿಗಾಗಿ ಕಳುಹಿಸಿದರು. ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನಲ್ಲಿ ತಮ್ಮ ಶುಶ್ರೂಷಾ ಶಾಲೆಯನ್ನು ತೆರೆದುದು 1860ರಲ್ಲಿ ಎಂಬುದನ್ನು ನೆನೆದರೆ ಈ ದೂರದೃಷ್ಟಿಯ ಬೆಲೆ ತಿಳಿಯುತ್ತದೆ. ವೈದ್ಯ ಜೋಸೆಫ್ ಓಫೆರಲ್ ಆಸ್ಪತ್ರೆಯ ವೈದ್ಯಕೀಯ ಹೊಣೆ ಹೊತ್ತರು. ಐರ್ಲೆಂಡಿನಲ್ಲಿ ಸನ್ಯಾಸಿನಿಯರೇ ಸ್ಥಾಪಿಸಿ ನಡೆಸಿದ ಮೊತ್ತಮೊದಲ ಆಸ್ಪತ್ರೆ ಇದು.

ಸಾಗರದಾಚೆಯ ಬಂಗಲೆ

1838ರ ಕೊನೆಯ ದಿನ ಐವರು ಸಹೋದರಿಯರು ಆಸ್ಟ್ರೇಲಿಯದ ಸಿಡ್ನಿ ಬಂದರಿನಲ್ಲಿ ಇಳಿದರು. ಆ ಖಂಡದ ಮಣ್ಣನ್ನು ಮೆಟ್ಟಿದ ಮೊದಲ ಕನ್ಯಾಸ್ತ್ರೀಯರು ಅವರು. ಬ್ರಿಟಿಷ್ ಸರ್ಕಾರ ಗಡೀಪಾರು ಮಾಡಿದ ಹೆಂಗಸರನ್ನು ಪ್ಯಾರಮಟ್ಟದ ಬಂದೀಶಾಲೆಯಲ್ಲಿ ಕೂಡಿಹಾಕಲಾಗುತ್ತಿದ್ದಿತು. ಆ ನತದೃಷ್ಟರ ನಡುವೆ ಇವರು ಸೇವೆ ಆರಂಭಿಸಿದರು. ಪತ್ರವೊಂದು ಹೋಗಿ ತಲುಪಲು ತಿಂಗಳುಗಳೇ ಬೇಕಾಗಿದ್ದ ಕಾಲವದು. 1842ರಲ್ಲಿ ಆಸ್ಟ್ರೇಲಿಯದ ಸಹೋದರಿಯರು ಡಬ್ಲಿನ್ನಿನ ಆಡಳಿತದಿಂದ ಬೇರ್ಪಟ್ಟು ಸ್ವತಂತ್ರ ಸಭೆಯಾದರು. ತಾಯಿಮಠಕ್ಕೆ ಅದೊಂದು ಅಗಲಿಕೆಯೇ ಸರಿ.

ಆಡಳಿತ ಬೇರೆಯಾದರೂ ಕಲಿತ ಪಾಠವನ್ನು ಆ ಸಹೋದರಿಯರು ಮರೆಯಲಿಲ್ಲ. ಸಿಡ್ನಿ ಬಂದರಿಗೆ ಎದುರಾದ ಎತ್ತರದ ಮೇಲೆ ಟಾರ್ಮನ್ಸ್ ಎಂಬ ಭವ್ಯ ಬಂಗಲೆಯಿದ್ದಿತು. ಸೇನಾಧಿಕಾರಿ ಸರ್ ಮಾರಿಸ್ ಓಕಾನಲ್ ಅಲ್ಲಿ ವಾಸಿಸಿದ್ದರು. 1857ರಲ್ಲಿ ಸಹೋದರಿಯರು ಆ ಬಂಗಲೆಯಲ್ಲಿ ಸಿಡ್ನಿಯ ಸೇಂಟ್ ವಿನ್ಸೆಂಟ್ ಆಸ್ಪತ್ರೆಯನ್ನು ತೆರೆದರು. ರೋಗಿಗಳ ಸಂಖ್ಯೆ ಬೆಳೆದಂತೆ 1870ರಲ್ಲಿ ಆಸ್ಪತ್ರೆ ಡಾರ್ಲಿಂಗ್‌ಹರ್ಸ್ಟ್‌ನ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ಬಂಗಲೆಯ ಆವರಣ ಮುಂದೆ ಹೆಣ್ಣುಮಕ್ಕಳ ವಿದ್ಯಾಲಯದ ನೆಲೆಯಾಯಿತು. ಮನೆಯೊಂದು ವಾಸಗೃಹವಾಗಿ, ಆಸ್ಪತ್ರೆಯಾಗಿ, ಶಾಲೆಯಾಗಿ ಮೂರು ಜನ್ಮಗಳನ್ನು ಕಂಡಿತು.

ಗ್ರೀನ್‌ಮೌಂಟಿನ ಹದಿಮೂರು ವರ್ಷಗಳು

1845ರ ಸೆಪ್ಟೆಂಬರ್ ತಿಂಗಳಲ್ಲಿ ಮದರ್ ಏಕೆನ್‌ಹೆಡ್ ಅವರನ್ನು ಹೆರಾಲ್ಡ್ಸ್ ಕ್ರಾಸಿನ ಗ್ರೀನ್‌ಮೌಂಟಿಗೆ ಕರೆತರಲಾಯಿತು. ಮನೆಗೆ ಮರಿಯಮ್ಮನವರ ಹೆಸರನ್ನಿಟ್ಟು ಅವರ್ ಲೇಡೀಸ್ ಮೌಂಟ್ ಎಂದು ಕರೆದರು. ನವಸನ್ಯಾಸಿನಿಯರ ತರಬೇತಿಯೂ ಅಲ್ಲಿಗೇ ಬಂದಿತು. ಹತ್ತಿರದಲ್ಲೇ 1836ರಲ್ಲಿ ತೆರೆಯಲಾಗಿದ್ದ ಮೌಂಟ್ ಜೆರೋಮ್ ಸ್ಮಶಾನ. ಹೀಗೆ ಒಂದು ಕಡೆ ಸೇವೆಯ ಬಾಳಿಗೆ ಕಾಲಿಡುತ್ತಿದ್ದ ತರುಣಿಯರು, ಇನ್ನೊಂದು ಕಡೆ ಬಾಳು ಮುಗಿಸಿದವರ ವಿಶ್ರಾಂತಿಯ ನೆಲ, ನಡುವೆ ಎದ್ದು ನಡೆಯಲಾರದ ತಾಯಿ.

ಅದೇ ಶರತ್ಕಾಲದಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿತು. ಆಲೂಗೆಡ್ಡೆಯೇ ಬಡವರ ಅನ್ನ. ಮುಂದಿನ ಕೆಲವು ವರ್ಷಗಳ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವು ಮತ್ತು ಜ್ವರಗಳಿಂದ ಸತ್ತರು. ಇನ್ನೂ ಹೆಚ್ಚಿನವರು ಹಡಗು ಹತ್ತಿ ದೇಶ ಬಿಟ್ಟರು. ಕೊಡುವ ಕೈಗಳು ಕಡಿಮೆಯಾಗಿ ಬೇಡುವ ಕೈಗಳು ಸಾವಿರವಾದ ಆ ದಿನಗಳಲ್ಲಿ ಆಸ್ಪತ್ರೆ, ಶಾಲೆ, ಅನಾಥಾಲಯಗಳು ಮುಚ್ಚಿಹೋಗದಂತೆ ನಡೆಸುವ ಭಾರ ಹಾಸಿಗೆ ಹಿಡಿದ ಈ ಹೆಂಗಸಿನ ಮೇಲಿದ್ದಿತು.

1858ರ ಜುಲೈ 22ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಗ್ರೀನ್‌ಮೌಂಟಿನ ಕೋಣೆಯಲ್ಲಿ ಅವರು ದೈವಾಧೀನರಾದರು. ಆ ವೇಳೆಗೆ ಅವರ ಸಭೆಯ ಹತ್ತು ಸಂಸ್ಥೆಗಳು ನೆಲೆಯೂರಿದ್ದವು. ಅವರ ಶವಪೆಟ್ಟಿಗೆಯನ್ನು ತಾವೇ ಹೊರಬೇಕೆಂದು ಡಬ್ಲಿನ್ನಿನ ಕೂಲಿಕಾರ್ಮಿಕರು ಬೇಡಿಕೊಂಡರು. ಯಾರ ಬಾಗಿಲಿಗೆ ಅವರ ಸಹೋದರಿಯರು ನಡೆದುಹೋಗಿದ್ದರೋ ಅವರೇ ಹೆಗಲು ಕೊಟ್ಟು ಡಾನಿಬ್ರೂಕಿನ ಸಮಾಧಿಸ್ಥಳಕ್ಕೆ ಅವರನ್ನು ಹೊತ್ತು ನಡೆದರು.

ವಾಸಿಯಾಗದವರ ಮನೆ

ಆಸ್ಪತ್ರೆಯೆಂಬುದು ವಾಸಿಯಾಗುವವರಿಗಾಗಿ ಇರುವ ಸ್ಥಳ. ವಾಸಿಯಾಗಲಾರದ ರೋಗಿಯನ್ನು ಇಟ್ಟುಕೊಂಡರೆ ಮತ್ತೊಬ್ಬನಿಗೆ ಹಾಸಿಗೆಯಿಲ್ಲ. ಅಂದಿನ ಡಬ್ಲಿನ್ನಿನಲ್ಲಿ ಕ್ಷಯವು ಮನೆಮನೆಯ ರೋಗ. ಕೊನೆಯ ಹಂತದ ಬಡರೋಗಿಯ ಪಾಲಿಗೆ ಉಳಿದುದು ಹತ್ತು ಜನ ಮಲಗುವ ಒಂದೇ ಕೋಣೆ, ಇಲ್ಲವೇ ಸರ್ಕಾರದ ದೀನಾಲಯ. ಸಭೆಯ ಕೇಂದ್ರಮಠ ಬೇರೆಡೆಗೆ ಹೋಗಿ ಗ್ರೀನ್‌ಮೌಂಟ್ ತೆರವಾದಾಗ, 1879ರ ಡಿಸೆಂಬರ್ 9ರಂದು ಆ ಮನೆಯನ್ನು ಮರಣಾಸನ್ನರ ಆಶ್ರಯಧಾಮವಾಗಿ ತೆರೆಯಲಾಯಿತು. ಇಂಗ್ಲಿಷಿನಲ್ಲಿ ಇಂತಹ ಧಾಮಕ್ಕೆ ಹಾಸ್ಪಿಸ್ ಎನ್ನುತ್ತಾರೆ. ಅದರ ಮೊದಲ ಮೇಲ್ವಿಚಾರಕಿ ಮದರ್ ಮೇರಿ ಜಾನ್ ಗೇನರ್. ಫ್ರಾನ್ಸಿನ ಲಿಯೋನ್ ನಗರದಲ್ಲಿ ಜೇನ್ ಗಾರ್ನಿಯೆ ಎಂಬ ವಿಧವೆ 1842ರಲ್ಲಿ ಇದೇ ಬಗೆಯ ಸೇವೆಯನ್ನು ಆರಂಭಿಸಿದ್ದರು. ಐರ್ಲೆಂಡಿಗೆ ಇದು ಹೊಸದು.

ಎದ್ದು ನಡೆಯಲಾರದ ಒಬ್ಬ ರೋಗಿಯನ್ನು ಹದಿಮೂರು ವರ್ಷ ಗೌರವದಿಂದ ನೋಡಿಕೊಂಡ ಮನೆ, ನಂತರ ಅಂತಹ ಸಾವಿರಾರು ಜನರನ್ನು ನೋಡಿಕೊಳ್ಳುವ ಮನೆಯಾದುದು ಕೇವಲ ಕಾಕತಾಳೀಯವೆಂದು ನಮಗೆ ಅನ್ನಿಸುವುದಿಲ್ಲ. ವಾಸಿಯಾಗದಿದ್ದರೂ ಆ ದೇಹಕ್ಕೆ ಬೆಲೆಯಿದೆ, ಆ ದಿನಗಳಿಗೆ ಅರ್ಥವಿದೆ ಎಂಬುದನ್ನು ಸಹೋದರಿಯರು ತಮ್ಮ ಸ್ಥಾಪಕಿಯ ಮಂಚದ ಬಳಿಯೇ ಕಲಿತಿದ್ದರು.

ಹಳೆಯ ಮನೆಯಲ್ಲಿ ಸ್ಥಳ ಸಾಲದೆ ಮುಂದಿನ ದಶಕದಲ್ಲೇ ಪಕ್ಕದಲ್ಲಿ ದೊಡ್ಡ ಕಟ್ಟಡ ಎದ್ದಿತು. ಕಾಲ ಬದಲಾದಂತೆ ಕ್ಷಯರೋಗಿಗಳ ಜಾಗಕ್ಕೆ ಕ್ಯಾನ್ಸರ್ ರೋಗಿಗಳು ಬಂದರು. ವೃದ್ಧರ ಆರೈಕೆ, ಸಂಧಿವಾತ ಪೀಡಿತರ ಪುನಶ್ಚೇತನ ಮೊದಲಾದ ಸೇವೆಗಳೂ ಆ ಆವರಣದಲ್ಲಿ ಬೆಳೆದವು. 1905ರಲ್ಲಿ ಸಹೋದರಿಯರು ಲಂಡನ್ನಿನ ಹ್ಯಾಕ್ನಿಯಲ್ಲಿ ಕೇಂಬ್ರಿಜ್ ಲಾಡ್ಜ್ ಎಂಬ ಹಳೆಯ ಮನೆಯಲ್ಲಿ ಸಂತ ಜೋಸೆಫರ ಹೆಸರಿನ ಹಾಸ್ಪಿಸನ್ನು ತೆರೆದರು. 1958ರಲ್ಲಿ ಅಲ್ಲಿಗೆ ಬಂದ ವೈದ್ಯೆ ಸಿಸಿಲಿ ಸಾಂಡರ್ಸ್, ನೋವು ಮರುಕಳಿಸುವವರೆಗೆ ಕಾಯದೆ ಗಡಿಯಾರದ ಪ್ರಕಾರ ನೋವುಶಾಮಕ ಕೊಡುವ ಪದ್ಧತಿಯನ್ನು ಆ ರೋಗಿಗಳ ನಡುವೆ ನೆಲೆಗೊಳಿಸಿ, ಅದರ ಫಲವನ್ನು ದಾಖಲಿಸಿದರು. ಅವರು 1967ರಲ್ಲಿ ಲಂಡನ್ನಿನಲ್ಲಿ ತೆರೆದ ಸಂತ ಕ್ರಿಸ್ಟೋಫರರ ಹಾಸ್ಪಿಸ್ ಆಧುನಿಕ ಉಪಶಮನ ಚಿಕಿತ್ಸೆಯ ತವರೆನಿಸಿತು. ಆ ಅಲೆ ಭಾರತವನ್ನೂ ಮುಟ್ಟಿತು. 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಶಾಂತಿ ಅವೇದನಾ ಆಶ್ರಮವೂ, 1999ರಲ್ಲಿ ನಮ್ಮ ಬೆಂಗಳೂರಿನಲ್ಲಿ ಕರುಣಾಶ್ರಯವೂ ಇಂತಹ ರೋಗಿಗಳಿಗೆ ಬಾಗಿಲು ತೆರೆದವು.

ಬೆಳಕು ಮತ್ತು ನೆರಳು

ಚರಿತ್ರೆಯನ್ನು ಹೇಳುವಾಗ ನೆರಳನ್ನು ಮುಚ್ಚಿಡುವುದು ಭಕ್ತಿಯ ಲಕ್ಷಣವಲ್ಲ. ನಿರಾಶ್ರಿತ ಹೆಂಗಸರಿಗಾಗಿ ಸಭೆ 1837ರಿಂದ ಡಾನಿಬ್ರೂಕಿನಲ್ಲಿ ನಡೆಸಿದ ಆಶ್ರಮ, ಐರ್ಲೆಂಡಿನ ಮ್ಯಾಗ್ದಲೀನ್ ಬಟ್ಟೆ ತೊಳೆಯುವ ಗೃಹಗಳ ಸಾಲಿಗೆ ಸೇರಿದುದು. ಆಶ್ರಯದ ಹೆಸರಿನಲ್ಲಿ ಇಂತಹ ಗೃಹಗಳಲ್ಲಿ ಅನೇಕ ಸ್ತ್ರೀಯರು ಕೂಲಿಯಿಲ್ಲದೆ ದುಡಿದು, ಸ್ವಾತಂತ್ರ್ಯ ಕಳೆದುಕೊಂಡು ನೊಂದರು. 2013ರಲ್ಲಿ ಐರಿಷ್ ಸರ್ಕಾರ ತನ್ನ ಪಾಲಿನ ತಪ್ಪಿಗಾಗಿ ಆ ಸ್ತ್ರೀಯರ ಕ್ಷಮೆ ಯಾಚಿಸಿತು. ಬಾಗಿಲು ಒಳಗೆ ಬರಲು ತೆರೆದಿದ್ದರೆ ಸಾಲದು, ಹೊರಗೆ ಹೋಗಲೂ ತೆರೆದಿರಬೇಕೆಂಬ ಕಹಿಪಾಠವನ್ನು ಧರ್ಮಸಭೆಯ ಮಕ್ಕಳಾದ ನಾವೆಲ್ಲರೂ ಇಲ್ಲಿ ಕಲಿಯಬೇಕಾಗಿದೆ.

ಸೇಂಟ್ ವಿನ್ಸೆಂಟ್ ಆಸ್ಪತ್ರೆ 1970ರಲ್ಲಿ ಸ್ಟೀಫನ್ಸ್ ಗ್ರೀನ್ ಬಿಟ್ಟು ಎಲ್ಮ್ ಪಾರ್ಕಿನ ವಿಶಾಲ ಕಟ್ಟಡಕ್ಕೆ ಹೋಯಿತು. 2022ರಲ್ಲಿ ಸಹೋದರಿಯರು ಆಸ್ಪತ್ರೆಯ ಒಡೆತನವನ್ನೂ ಬಿಟ್ಟುಕೊಟ್ಟರು. ಇದನ್ನು ಅಂತ್ಯವೆಂದು ಕೆಲವರು ಮರುಗಬಹುದು. ಆದರೆ ಅರ್ಲ್ ಪ್ರಭುವಿನ ಮನೆ ಅವನ ವಂಶದಲ್ಲಿ ಉಳಿಯಲಿಲ್ಲ. ಗ್ರೀನ್‌ಮೌಂಟ್ ಸಿರಿವಂತರ ಕೈಯಲ್ಲಿ ಉಳಿಯಲಿಲ್ಲ. ಸನ್ಯಾಸಿನಿಯರ ಕೈಯಲ್ಲಿಯೂ ಯಾವುದೂ ಶಾಶ್ವತವಾಗಿ ಉಳಿಯಬೇಕಾಗಿಲ್ಲ. ಮನೆಗಳು ಕೈ ಬದಲಾಯಿಸುತ್ತವೆ. ರೋಗಿಯ ಮಗ್ಗುಲಲ್ಲಿ ಯಾರಾದರೊಬ್ಬರು ಇರಬೇಕಾದುದೇ ಮುಖ್ಯ.

2015ರ ಮಾರ್ಚ್ 18ರಂದು ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಮೇರಿ ಏಕೆನ್‌ಹೆಡ್ ಅವರ ವೀರೋಚಿತ ಸದ್ಗುಣಗಳನ್ನು ಮಾನ್ಯ ಮಾಡಿದ ಘೋಷಣೆಗೆ ಒಪ್ಪಿಗೆಯಿತ್ತರು. ಅಂದಿನಿಂದ ಧರ್ಮಸಭೆ ಅವರನ್ನು ಪೂಜ್ಯರೆಂದು ಗೌರವಿಸುತ್ತಿದೆ.

ಶತಮಾನೋತ್ಸವದ ದೀಪಗಳು ಆರಿದ ಮೇಲೆ ನಮ್ಮ ದೇವಾಲಯದ ಹೆಬ್ಬಾಗಿಲು ಎಂದಿನಂತೆ ಮುಂಜಾನೆ ತೆರೆಯುತ್ತದೆ. ನಮ್ಮ ಧರ್ಮಕೇಂದ್ರದ ಗಡಿಯೊಳಗೆ, ಯಾವುದೋ ಮನೆಯ ಹಿಂದಿನ ಕೋಣೆಯಲ್ಲಿ, ಇನ್ನು ಮಾಡುವುದೇನೂ ಇಲ್ಲವೆಂದು ವೈದ್ಯರು ಹಿಂದಕ್ಕೆ ಕಳುಹಿಸಿದ ಒಬ್ಬರು ಮಲಗಿರಬಹುದು. ಅವರು ನಮ್ಮ ಪೂಜೆಗೆ ಬರಲಾರರು, ವಂತಿಗೆ ಕೊಡಲಾರರು, ಈ ಸಂಚಿಕೆಯನ್ನು ಓದಲಾರರು. ಎರಡನೆಯ ಶತಮಾನದ ಮೊದಲ ಹೆಜ್ಜೆಯನ್ನು ನಾವು ಅವರ ಮನೆಯ ಕಡೆಗೆ ಇಡುವಂತಾಗಲಿ. ಹಾಸಿಗೆಯಲ್ಲಿದ್ದುಕೊಂಡೇ ಅಷ್ಟೊಂದು ಬಾಗಿಲುಗಳನ್ನು ತೆರೆದ ಪೂಜ್ಯ ಮೇರಿ ಏಕೆನ್‌ಹೆಡ್ ಅವರ ಪ್ರಾರ್ಥನೆ ನಮ್ಮೊಡನಿರಲಿ.